‘ಪ್ರಿಸೆಟ್’ಗೆ ‘ಹದ’ ಎನ್ನಬಹುದೇ?

ಬಲ್ಲವರಿಗೆಲ್ಲ ಚಿಕ್ಕಬಳ್ಳಾಪುರದಿಂದ ನಮಸ್ಕಾರ.

ಕೇಳಬೇಕಾದದ್ದು ಒಂದೇ ಸಾಲು. ಕೀಬೋರ್ಡ್ ನುಡಿಸುವವರು ‘ಪ್ರಿಸೆಟ್’ ಎಂದೋ ‘ಪ್ಯಾಚ್’ ಎಂದೋ ಕರೆಯುವುದಕ್ಕೆ, ಅಂದರೆ ಒಂದು ಸದ್ದಿಗಾಗಿ ಯಂತ್ರ ನೆನಪಿಟ್ಟುಕೊಂಡ ಗುಂಡಿಗಳ ನಿಲುವಿಗೆ, ಕನ್ನಡದಲ್ಲಿ ‘ಹದ’ ಎಂದು ಬರೆಯಬಹುದೇ? ಇಷ್ಟನ್ನೇ ಕಳುಹಿಸಿದರೆ ‘ಪೂರ್ವನಿಗದಿತ ವಿನ್ಯಾಸ’ ಎಂಬ ಉತ್ತರ ಬಂದೀತೆಂಬ ಹೆದರಿಕೆ ನನಗಿದೆ. ಆದ್ದರಿಂದ ಹಿನ್ನೆಲೆಯನ್ನೂ ಹೇಳಿಬಿಡುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಇಪ್ಪತ್ತು ವರ್ಷ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿ ಸೊಂಟ ನೋಯಿಸಿಕೊಂಡವನು ನಾನು. ಈಗ ಮನೆಯ ಮಹಡಿಯ ಕೋಣೆಯಲ್ಲಿ ಒಂದು ಕಂಪ್ಯೂಟರು, ಎರಡು ಮೈಕು ಇಟ್ಟುಕೊಂಡು ಸುತ್ತಲಿನ ಊರುಗಳವರ ದೇವರ ಹಾಡುಗಳನ್ನು ಮುದ್ರಿಸಿಕೊಡುತ್ತೇನೆ. ಕಲಿಯಲು ಬರುವ ನಾಲ್ಕೈದು ಹುಡುಗರಿಗಾಗಿ, ಕಂಪ್ಯೂಟರಿನೊಳಗೆ ವಾದ್ಯಗಳು ಬಂದ ಮೊದಲ ದಿನಗಳ ಬಗ್ಗೆ ಹನ್ನೆರಡು ಪುಟದ ಟಿಪ್ಪಣಿ ಬರೆದೆ. ಅದನ್ನು ನಮ್ಮ ಬೀದಿಯ ನಿವೃತ್ತ ಕನ್ನಡ ಮೇಷ್ಟ್ರಿಗೆ ತೋರಿಸಿದೆ. ಹನ್ನೆರಡು ಪುಟಕ್ಕೂ ಕೆಂಪು ಶಾಯಿ ಬಿದ್ದು ವಾಪಸು ಬಂತು.

ಮೊದಲ ಪೆಟ್ಟು ತಲೆಬರಹಕ್ಕೇ. ‘ಅನಿವಾರ್ಯ ಪ್ಲಗ್‌ಇನ್‌ಗಳು’ ಎಂದು ಬರೆದಿದ್ದೆ, ಮುದ್ರಣದ ತಂತ್ರಾಂಶದೊಳಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶಗಳು ಎಂಬ ಅರ್ಥದಲ್ಲಿ. “ಅನಿವಾರ್ಯ ಕಾರಣಗಳಿಂದ ಕಾರ್ಯಕ್ರಮ ರದ್ದಾಗಿದೆ ಎಂದು ಬೋರ್ಡು ತೂಗುಹಾಕುತ್ತಾರಲ್ಲ, ಆ ಅನಿವಾರ್ಯವೇನಪ್ಪ ಇದು?” ಎಂದರು ಮೇಷ್ಟ್ರು. “ತಪ್ಪಿಸಿಕೊಳ್ಳಲಾಗದ್ದು ಅನಿವಾರ್ಯ. ನೀನು ಹೇಳುತ್ತಿರುವುದು ಇಲ್ಲದಿದ್ದರೆ ನಡೆಯದ್ದು.” ಒಪ್ಪಿಕೊಂಡೆ. ‘ಇರಲೇಬೇಕಿದ್ದ ಪ್ಲಗ್‌ಇನ್‌ಗಳು’ ಎಂದಾಯಿತು. ‘ಪ್ಲಗ್‌ಇನ್’ ಪದವನ್ನು ಅವರು ಮುಟ್ಟಲಿಲ್ಲ. ಗೋಡೆಗೆ ಚುಚ್ಚುವ ಪ್ಲಗ್ಗನ್ನು ಕಂಡವರಿಗೆ ಇದೂ ತಿಳಿಯುತ್ತದೆ ಎಂಬುದು ಅವರ ವಾದ.

ಇರಲೇಬೇಕಿದ್ದವು ಯಾವುವು ಎಂದು ಇಲ್ಲಿರುವ ಸಂಗೀತೇತರರು ಕೇಳಬಹುದು. ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ಸಂಗೀತ ಮುದ್ರಿಸುವ ತನ್ನ ಕ್ಯೂಬೇಸ್ ತಂತ್ರಾಂಶದ ಜೊತೆ, ಪ್ಲಗ್‌ಇನ್‌ಗಳನ್ನು ಜೋಡಿಸಲು, ವಿಎಸ್‌ಟಿ ಎಂಬ ಕಟ್ಟಳೆಯನ್ನು ತಂದಿತು. ಮೊದಲಿಗೆ ಅದು ಮುದ್ರಿಸಿದ ಧ್ವನಿಗೆ ಪ್ರತಿಧ್ವನಿ ಮುಂತಾದ ಒಗ್ಗರಣೆ ಹಾಕಲು ಮಾತ್ರ ಬಳಕೆಯಾಗುತ್ತಿತ್ತು. 1999ರ ಎರಡನೇ ಆವೃತ್ತಿಯಲ್ಲಿ, ಕೀಬೋರ್ಡಿನ ಮನೆ ಒತ್ತಿದ ಸುದ್ದಿ ಪ್ಲಗ್‌ಇನ್ನಿನ ಒಳಕ್ಕೂ ತಲುಪುವಂತಾಯಿತು. ಅಲ್ಲಿಂದ ಪ್ಲಗ್‌ಇನ್ ತಾನೇ ವಾದ್ಯವಾಯಿತು. ಆ ಬೆನ್ನಿಗೇ ಬಂದವು ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯವು: 1978ರ ಪ್ರಾಫೆಟ್-5 ಎಂಬ ಸಿಂಥಸೈಜರನ್ನು (ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುವ ಯಂತ್ರವನ್ನು) ಅನುಕರಿಸಿದ ಪ್ರೊ-ಫೈವ್ ಮತ್ತು ಅದರ ತಮ್ಮಂದಿರಾದ ಪ್ರೊ-52, ಪ್ರೊ-53, ಹ್ಯಾಮಂಡ್ ಆರ್ಗನ್ನನ್ನು ಅನುಕರಿಸಿದ ಬಿ4, 1983ರ ಯಮಾಹಾ ಡಿಎಕ್ಸ್7 ಯಂತ್ರದ ವಂಶಕ್ಕೆ ಸೇರಿದ ಎಫ್‌ಎಂ7. ಕಾಸಿಲ್ಲದವರಿಗೆ ಜಪಾನಿನ ಒಬ್ಬರೇ ಬರೆದು ಉಚಿತವಾಗಿ ಹಂಚಿದ ಸಿಂಥ್1 ಇತ್ತು. ಸ್ವೀಡನ್ನಿನ ಕೆಂಪು ಬಣ್ಣದ ನಾರ್ಡ್ ಲೀಡ್ 2 ಯಂತ್ರ ಅದರ ಮಾದರಿ. ನನ್ನ ಮಟ್ಟಿಗೆ ಇರಲೇಬೇಕಿದ್ದದ್ದು ಅದೇ, ಯಾಕೆಂದರೆ ಇದ್ದದ್ದೂ ಅದೊಂದೇ.

ಇನ್ನು ಜಗಳಕ್ಕೆ ಬರುತ್ತೇನೆ. ಸಂಗೀತದ ಯಂತ್ರಗಳಿಗೆ ಕನ್ನಡ ಪದ ಹುಡುಕಲು ಹೊರಟವನಿಗೆ ಮೊದಲು ಎದುರಾಗುವ ತೊಂದರೆ ಪದಗಳಿಲ್ಲ ಎಂಬುದಲ್ಲ. ಒಳ್ಳೆಯ ಪದಗಳೆಲ್ಲ ಮೊದಲೇ ಬಾಡಿಗೆಗೆ ಹೋಗಿಬಿಟ್ಟಿವೆ. ಬಾಗಿಲು ಬಡಿದರೆ ಒಳಗಿನಿಂದ ಯಾರೋ ‘ಯಾರು?’ ಎನ್ನುತ್ತಾರೆ.

ಮೇಷ್ಟ್ರು ಸಿಂಥಸೈಜರಿಗೆ ‘ಧ್ವನಿ ಸಂಯೋಜಕ’ ಎಂದು ತಿದ್ದಿದ್ದರು. ನಮ್ಮಲ್ಲಿ ರಾಗ ಸಂಯೋಜನೆ, ಸಂಗೀತ ಸಂಯೋಜನೆ ಎಂದರೆ ಹಾಡಿಗೆ ಮಟ್ಟು ಹಾಕುವುದು, ಸಂಯೋಜಕ ಎಂದರೆ ಮಟ್ಟು ಹಾಕಿದ ಮನುಷ್ಯ. ಪೋಸ್ಟರಿನಲ್ಲಿ ‘ಸಂಯೋಜಕರು’ ಎಂದು ಕಂಡರೆ ಅದು ಕಾರ್ಯಕ್ರಮ ಏರ್ಪಡಿಸಿದವರ ಹೆಸರೂ ಆಗಬಹುದು. ಆ ಮನೆಯಲ್ಲಿ ಈಗಾಗಲೇ ಎರಡು ಸಂಸಾರಗಳಿವೆ, ಮೂರನೆಯದಾಗಿ ಯಂತ್ರವೊಂದನ್ನು ಒಳಗೆ ತಳ್ಳುವುದು ನ್ಯಾಯವಲ್ಲ. ‘ಸಂಶ್ಲೇಷಕ’ ಎಂದು ಬದಲಾಯಿಸಿ ಹುಡುಗರಿಗೆ ಓದಿಸಿದೆ. ಶಾಲೆಯ ವಿಜ್ಞಾನದ ಪುಸ್ತಕದ ದ್ಯುತಿಸಂಶ್ಲೇಷಣೆ ನೆನಪಾಗಿ ಒಬ್ಬ “ಸಾರ್, ಇದನ್ನು ಬಿಸಿಲಿಗೆ ಇಡಬೇಕೇ?” ಎಂದು ಕೇಳಿದ. ಸಿಂಥಸೈಜರ್ ಸಿಂಥಸೈಜರಾಗಿಯೇ ಉಳಿಯಿತು.

ಇನ್ನೊಂದು ‘ಲೇಟೆನ್ಸಿ’. ಕೀಬೋರ್ಡಿನ ಮನೆ ಒತ್ತಿದ ಕ್ಷಣಕ್ಕೂ ಸ್ಪೀಕರಿನಲ್ಲಿ ಸದ್ದು ಹೊರಡುವ ಕ್ಷಣಕ್ಕೂ ನಡುವಿನ ಅಂತರ. ಕಂಪ್ಯೂಟರು ಸದ್ದನ್ನು ಸೆಕೆಂಡಿಗೆ 44,100 ತುಣುಕುಗಳಂತೆ ಲೆಕ್ಕ ಹಾಕುತ್ತದೆ, ಆದರೆ ಒಂದೊಂದಾಗಿ ಹೊರಗೆ ಬಿಡುವುದಿಲ್ಲ; ಒಂದು ಬುಟ್ಟಿ ತುಂಬಿದ ಮೇಲೆ ಸುರಿಯುತ್ತದೆ. ಬುಟ್ಟಿಗೆ 4,096 ತುಣುಕು ಹಿಡಿಯುವಂತಿದ್ದರೆ 93 ಮಿಲಿಸೆಕೆಂಡು ಕಾಯಬೇಕು. ಅಷ್ಟರಲ್ಲಿ ತಬಲದವನು ಮುಂದೆ ಹೋಗಿರುತ್ತಾನೆ. 512ಕ್ಕೆ ಇಳಿಸಿದರೆ 12 ಮಿಲಿಸೆಕೆಂಡಿಗೂ ಕಡಿಮೆ, ಕೈಗೆ ಒಗ್ಗುತ್ತದೆ. 1997ರಲ್ಲಿ ಸ್ಟೈನ್‌ಬರ್ಗ್‌ನವರೇ ತಂದ ಎಎಸ್‌ಐಒ ಎಂಬ ವ್ಯವಸ್ಥೆ ಈ ಬುಟ್ಟಿಯನ್ನು ಚಿಕ್ಕದು ಮಾಡಲು ದಾರಿ ಕೊಡದಿದ್ದರೆ ತಂತ್ರಾಂಶದ ವಾದ್ಯಗಳನ್ನು ಯಾರೂ ನೇರವಾಗಿ ನುಡಿಸುತ್ತಿರಲಿಲ್ಲ.

ಇದಕ್ಕೆ ‘ವಿಳಂಬ’ ಎಂದು ನಾನೇ ಬರೆದಿದ್ದೆ, ಮೇಷ್ಟ್ರು ಟಿಕ್ ಹಾಕಿದ್ದರು. ಪಿಟೀಲು ಕಲಿತ ಹುಡುಗಿಯೊಬ್ಬಳು ಅದನ್ನು ಓದಿ, “ವಿಳಂಬ ಕಾಲದಲ್ಲಿ ನುಡಿಸಿದರೆ ಕಂಪ್ಯೂಟರಿಗೆ ಏನು ಕಷ್ಟ?” ಎಂದಳು. ವಿಳಂಬ, ಮಧ್ಯ, ದ್ರುತ ಎಂದು ಮೂರು ಕಾಲಗಳನ್ನು ಕಲಿತವಳಿಗೆ ವಿಳಂಬ ಎಂದರೆ ನಿಧಾನ ಗತಿ, ದೋಷವಲ್ಲ. ಸರ್ಕಾರಿ ಕಚೇರಿಯಲ್ಲಿ ಆಗುವುದು ಬೇರೆಯ ವಿಳಂಬ. ಕೊನೆಗೆ ‘ತಡ’ ಎಂದು ಬರೆದೆ. ‘ಈ ಪ್ಲಗ್‌ಇನ್ನಿನ ತಡ 12 ಮಿಲಿಸೆಕೆಂಡು.’ ಸಣ್ಣ ಪದ, ಖಾಲಿ ಮನೆ, ಬಾಡಿಗೆಯೂ ಕಡಿಮೆ.

ಪ್ರಿಸೆಟ್ಟಿನ ಸಂಗತಿ ಇಷ್ಟು ಸುಲಭವಲ್ಲ. ಸಿಂಥಸೈಜರಿನ ಮುಖದ ಮೇಲೆ ತಿರುಗಿಸುವ ಗುಂಡಿಗಳ ಸಾಲಿರುತ್ತದೆ. ಪ್ರತಿಯೊಂದನ್ನೂ ಎಲ್ಲೆಲ್ಲಿ ನಿಲ್ಲಿಸಿದರೆ ಕೊಳಲಿನಂತೆ, ಎಲ್ಲೆಲ್ಲಿ ನಿಲ್ಲಿಸಿದರೆ ಗಂಟೆಯಂತೆ ನುಡಿಯುತ್ತದೆ ಎಂಬುದು ಇಡೀ ವಿದ್ಯೆ. 1970ರ ಮಿನಿಮೂಗ್ ಎಂಬ ಸಿಂಥಸೈಜರಿಗೆ ನೆನಪಿನ ಶಕ್ತಿ ಇರಲಿಲ್ಲ. ನುಡಿಸುವವರು ಗುಂಡಿಗಳ ಚಿತ್ರವಿರುವ ಹಾಳೆಯ ಮೇಲೆ ಗೆರೆ ಎಳೆದು ಗುರುತು ಇಟ್ಟುಕೊಳ್ಳುತ್ತಿದ್ದರು. ಪ್ರಾಫೆಟ್-5 ಹೆಸರು ಮಾಡಿದ್ದು ಒಟ್ಟಿಗೆ ಐದು ಸ್ವರ ನುಡಿಸುತ್ತಿದ್ದುದಕ್ಕೆ ಮಾತ್ರವಲ್ಲ. ಗುಂಡಿಗಳ 40 ನಿಲುವುಗಳನ್ನು ಅದು ನೆನಪಿಟ್ಟುಕೊಂಡು, ಒಂದು ಒತ್ತಿಗೆ ವಾಪಸು ಕೊಡುತ್ತಿತ್ತು. ಆ ‘ನೆನಪಿಟ್ಟುಕೊಂಡ ನಿಲುವಿ’ಗೆ ನನಗೆ ಹೆಸರು ಬೇಕಾಗಿರುವುದು.

ಇಂಗ್ಲಿಷಿನಲ್ಲೂ ಒಂದೇ ಹೆಸರಿಲ್ಲ ಎಂಬುದನ್ನು ಗಮನಿಸಿ. ‘ಪ್ಯಾಚ್’ ಬಂದದ್ದು ಹಳೆಯ ಯಂತ್ರಗಳಲ್ಲಿ ತಂತಿ ಚುಚ್ಚಿ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುತ್ತಿದ್ದುದರಿಂದ. ವಿಎಸ್‌ಟಿ ಇದನ್ನು ‘ಪ್ರೋಗ್ರಾಮ್’ ಎಂದಿತು. ಯಮಾಹಾದವರು ‘ವಾಯ್ಸ್’ ಎಂದರು, ಅದೇ ಡಿಎಕ್ಸ್7 ಒಟ್ಟಿಗೆ 16 ಸ್ವರ ನುಡಿಸುವುದನ್ನೂ ‘16 ವಾಯ್ಸ್’ ಎಂದೇ ಕರೆದು ಗೊಂದಲ ಮಾಡಿದರು. ನಮ್ಮ ಆರ್ಕೆಸ್ಟ್ರಾಗಳಲ್ಲಿ ಎಲ್ಲರೂ ಹೇಳುವುದು ‘ಟೋನ್’. “ಶಹನಾಯಿ ಟೋನ್ ಹಾಕು” ಎಂದು ವೇದಿಕೆಯಿಂದಲೇ ಹಾಡುಗಾರರು ಕೂಗುತ್ತಾರೆ. ಅದು ಕ್ಯಾಸಿಯೋ ಕೀಬೋರ್ಡುಗಳ ಗುಂಡಿಯ ಮೇಲೆ ಅಚ್ಚಾಗಿದ್ದ ಪದದಿಂದ ಬಂದಿರಬೇಕೆಂಬುದು ನನ್ನ ಊಹೆ. ಊರುಗಳಲ್ಲಿ ಯಾವ ಕಂಪನಿಯ ಕೀಬೋರ್ಡನ್ನೂ ‘ಕ್ಯಾಸಿಯೋ’ ಎನ್ನುತ್ತಿದ್ದ ಕಾಲವೊಂದಿತ್ತಲ್ಲ. ‘ಟೋನ್’ ನನಗೇನೂ ಬೇಸರದ ಪದವಲ್ಲ. ಆದರೆ ಅದು ಕಿವಿಗೆ ಬಿದ್ದ ಸದ್ದನ್ನು ಹೇಳುತ್ತದೆ, ಗುಂಡಿಗಳ ನಿಲುವನ್ನು ಹೇಳುವುದಿಲ್ಲ.

‘ಹದ’ ನನ್ನ ತಲೆಗೆ ಹೊಳೆದದ್ದಲ್ಲ. ತಮಟೆಯವರೊಬ್ಬರಿಂದ ಬಂದದ್ದು. ನಮ್ಮ ಜಿಲ್ಲೆ ತಮಟೆಗೆ ಹೆಸರಾದದ್ದು, ಇಲ್ಲಿನ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ನಿಮಗೆ ನೆನಪಿರಬಹುದು. ನಾನು ಹೇಳುತ್ತಿರುವುದು ಬೇರೆಯವರ ಮಾತು, ಮಾರಮ್ಮನ ಹಾಡು ಮುದ್ರಿಸಲು ಬಂದಿದ್ದ ಹಿರಿಯರು. ಮಳೆಗಾಲ, ಚರ್ಮ ಸಡಿಲವಾಗಿ ತಮಟೆ ಬೊದ್ದೆನ್ನುತ್ತಿತ್ತು. ಅಂಗಳದಲ್ಲಿ ತೆಂಗಿನ ಗರಿ ಉರಿಸಿ ಕಾಯಿಸಿದರು, ಬೆರಳಲ್ಲಿ ತಟ್ಟಿದರು, ಮತ್ತೆ ಕಾಯಿಸಿದರು. “ಈಗ ಹದಕ್ಕೆ ಬಂತು ಸ್ವಾಮಿ, ಬೇಗ ಹಿಡಿದುಕೊಳ್ಳಿ, ಆರಿದರೆ ಹೋಯಿತು” ಎಂದರು. ಹಿಡಿದುಕೊಳ್ಳಿ ಎಂದರೆ ಮುದ್ರಿಸಿಕೊಳ್ಳಿ ಎಂದು. ನಾನು ಕಂಪ್ಯೂಟರಿನ ಮುಂದೆ ಕುಳಿತು, ಇದನ್ನೇ ಅಲ್ಲವೇ ಹನ್ನೆರಡು ಪುಟದಲ್ಲಿ ಹೇಳಲು ಒದ್ದಾಡಿದ್ದು ಎಂದುಕೊಂಡೆ. ಹಳೆಯ ಸಿಂಥಸೈಜರುಗಳೂ ಹೀಗೆಯೇ: ಬೆಚ್ಚಗಾಗುವ ತನಕ ಶ್ರುತಿ ನಿಲ್ಲುತ್ತಿರಲಿಲ್ಲ, ಕೋಣೆಯ ಶಾಖ ಬದಲಾದರೆ ಜಾರುತ್ತಿತ್ತು. ಅವುಗಳನ್ನು ಅನುಕರಿಸಿದ ತಂತ್ರಾಂಶಗಳಲ್ಲಿ, ಶ್ರುತಿ ತುಸು ಅಲುಗುವ ಆ ದೋಷವನ್ನೂ ಬೇಕೆಂದೇ ಲೆಕ್ಕ ಹಾಕಿ ಸೇರಿಸಿದ್ದಾರೆ.

ಮೇಷ್ಟ್ರಿಗೆ ‘ಹದ’ ಹೇಳಿದಾಗ ಅವರ ಮುಖ ಅರಳಿತು, ಆದರೆ ತಕ್ಷಣ ಒಪ್ಪಲಿಲ್ಲ. ಅರಳಿದ್ದು ಪದದ ಹುಟ್ಟು ನೆನಪಾಗಿ. ಪಾಲು ಹಾಲಾದಂತೆ, ಪಂದಿ ಹಂದಿಯಾದಂತೆ ಇದೂ ಪಕಾರ ಹಕಾರವಾದದ್ದು. ತಮಿಳಿನಲ್ಲಿ ಇಂದಿಗೂ ‘ಪದಂ’, ತೆಲುಗಿನಲ್ಲಿ ‘ಪದುನು’. ನಮ್ಮ ಕಡೆ ಅರ್ಧ ಊರಿನ ಮನೆಮಾತು ತೆಲುಗು, ಮಳೆ ಬಿದ್ದ ಹೊಲಕ್ಕೆ ‘ಪದುನು’ ಎಂದು ದಿನವೂ ಕೇಳುತ್ತೇವೆ. ಕತ್ತಿಯ ಹರಿತಕ್ಕೂ ಅದೇ ಪದ. ಪದಚರ್ಚೆಗೆ ಬಂದ ‘ಹದ’ವೇ ಒಂದು ಕಾಲದ ‘ಪದ’ ಎಂದು ಮೇಷ್ಟ್ರು ನಕ್ಕರು. ಸಂಸ್ಕೃತದ ಪದ ಬೇರೆ, ಇದು ಬೇರೆ, ಬೆರೆಸಬೇಡ ಎಂದು ಎಚ್ಚರಿಕೆಯನ್ನೂ ಕೊಟ್ಟರು.

ಅವರ ಆಕ್ಷೇಪ ಇದು. ಹದ ಎಂದರೆ ವಸ್ತು ತಲುಪಿದ ಸ್ಥಿತಿ, ಅದನ್ನು ಡಬ್ಬಿಯಲ್ಲಿ ತುಂಬಿ ಎತ್ತಿಡಲು ಆಗುವುದಿಲ್ಲ. ಮುದ್ದೆಯ ಹದ, ಮಣ್ಣಿನ ಹದ, ತಮಟೆಯ ಹದ, ಎಲ್ಲವೂ ಸ್ವಲ್ಪ ಹೊತ್ತು ಇದ್ದು ಹೋಗುವಂಥವು. ಪ್ರಿಸೆಟ್ ಹಾಗಲ್ಲ. ಎಫ್‌ಎಂ7 ಇಷ್ಟವಾಗಲು ದೊಡ್ಡ ಕಾರಣವೇ, ಹಳೆಯ ಡಿಎಕ್ಸ್7 ಯಂತ್ರಕ್ಕೆಂದು ಜನ ಮಾಡಿಟ್ಟಿದ್ದ ಪ್ರಿಸೆಟ್‌ಗಳನ್ನು ಅದು ಹಾಗೆಯೇ ಓದಿಕೊಳ್ಳುತ್ತಿದ್ದದ್ದು. ಕಬ್ಬಿಣದ ಯಂತ್ರದ ಹದ ತಂತ್ರಾಂಶಕ್ಕೆ ವಲಸೆ ಹೋಯಿತು. ಹದ ವಲಸೆ ಹೋಗುತ್ತದೆಯೇ?

ಅವರೇ ಎರಡು ಬದಲಿ ಕೊಟ್ಟರು. ಒಂದು ‘ಪಾಕ’: ಒಂದೆಳೆ ಪಾಕ, ಎರಡೆಳೆ ಪಾಕ ಎಂದಾಗ ಸ್ಥಿತಿಯೂ ಅದೇ, ಅಳತೆಯೂ ಅದೇ, ಕಾವ್ಯಮೀಮಾಂಸೆಯವರು ದ್ರಾಕ್ಷಾಪಾಕ ಎಂದದ್ದೂ ಇದೆ. ನನಗೇಕೋ ‘ಗಂಟೆಯ ಪಾಕ’ ಎಂದರೆ ನೊಣ ಮುತ್ತಿದಂತಾಗುತ್ತದೆ. ಇನ್ನೊಂದು ‘ಮೇಳ’, ಇದು ನಿಜಕ್ಕೂ ಜಾಣ ಸಲಹೆ. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವುದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. 1550ರ ರಾಮಾಮಾತ್ಯನ ‘ಸ್ವರಮೇಳಕಲಾನಿಧಿ’ಯಲ್ಲಿ ಏಕರಾಗ ಮೇಳ ವೀಣೆ, ಸರ್ವರಾಗ ಮೇಳ ವೀಣೆ ಎಂಬ ಎರಡು ಬಗೆಗಳಿವೆ. ಒಂದರಲ್ಲಿ ರಾಗ ಬದಲಾದರೆ ಮೆಟ್ಟಿಲು ಸರಿಸಬೇಕು, ಇನ್ನೊಂದರಲ್ಲಿ ಬೇಡ. ಮಿನಿಮೂಗಿಗೂ ಪ್ರಾಫೆಟ್ಟಿಗೂ ಇದ್ದ ಅಂತರವನ್ನು ಹುಡುಗರಿಗೆ ವಿವರಿಸಲು ಇದನ್ನೇ ಬಳಸಿಕೊಂಡೆ. ಆದರೆ ಮೇಳ ಎಂಬ ಮನೆ ಛತ್ರವಾಗಿ ಎಷ್ಟೋ ಕಾಲವಾಯಿತು: 72 ಮೇಳಕರ್ತಗಳು ಅಲ್ಲಿವೆ, ಯಕ್ಷಗಾನದ ಮೇಳಗಳು ಅಲ್ಲಿವೆ, ಕೃಷಿ ಮೇಳ, ಪುಸ್ತಕ ಮೇಳ, ಸಾಲದ ಮೇಳ ಎಲ್ಲವೂ ಅಲ್ಲೇ ಚಾಪೆ ಹಾಸಿವೆ.

ಆದ್ದರಿಂದ ನಾನು ಮತ್ತೆ ಹದಕ್ಕೇ ಬರುತ್ತೇನೆ. ಮೇಷ್ಟ್ರ ಆಕ್ಷೇಪಕ್ಕೆ ನನ್ನ ಉತ್ತರ ಕ್ರಿಯಾಪದಗಳಲ್ಲಿದೆ. ಹದ ಮಾಡು, ಹದ ನೋಡು, ಹದಕ್ಕೆ ತರು, ಹದ ತಪ್ಪು, ಎಲ್ಲವೂ ತಯಾರಾಗಿವೆ, ಹೊಸದಾಗಿ ಒಂದನ್ನೂ ಹೊಲಿಸಬೇಕಿಲ್ಲ. ಕಂಪನಿಯವರೇ ತುಂಬಿ ಕೊಟ್ಟದ್ದು ‘ಸಿದ್ಧ ಹದ’, ಅಂಗಡಿಯ ಸಿದ್ಧ ಉಡುಪಿನ ಹಾಗೆ. ನಾವೇ ಗುಂಡಿ ತಿರುಗಿಸಿ ಕಂಡುಕೊಂಡದ್ದು ‘ಸ್ವಂತ ಹದ’. ನೂರಾರು ಹದಗಳ ‘ಬ್ಯಾಂಕ್’ ಕಡತಕ್ಕೆ ‘ಕಣಜ’ ಎಂದಿದ್ದೇನೆ, ಇದಕ್ಕೆ ಮೇಷ್ಟ್ರೂ ತಲೆಯಾಡಿಸಿದರು. ಎಲ್ಲಕ್ಕಿಂತ ಸಂತೋಷವಾದದ್ದು ‘ಹದಗೆಡು’. ಕಂಪ್ಯೂಟರು 32 ಬಿಟ್‌ನಿಂದ 64 ಬಿಟ್‌ಗೆ ಬದಲಾದಾಗ ನನ್ನ ಹಳೆಯ ಪ್ಲಗ್‌ಇನ್‌ಗಳು ಒಂದೊಂದಾಗಿ ತೆರೆಯದೆ ಹೋದವು, ಹತ್ತು ವರ್ಷದ ಹಿಂದಿನ ಹಾಡುಗಳನ್ನು ತೆರೆದರೆ ವಾದ್ಯಗಳಿರಬೇಕಾದ ಜಾಗ ಖಾಲಿ. ಇಡೀ ಕಣಜ ಹದಗೆಟ್ಟಿತ್ತು. ಈ ಪದಕ್ಕೆ ಟಿಪ್ಪಣಿ ಬರೆಯುವ ಅಗತ್ಯವೇ ಬೀಳಲಿಲ್ಲ, ಹುಡುಗರಿಗೆ ಅರ್ಥವಾಯಿತು.

ಟಿಪ್ಪಣಿ ಬರುವ ವಾರ ಜೆರಾಕ್ಸಿಗೆ ಹೋಗುತ್ತದೆ. ಅಷ್ಟರೊಳಗೆ ಎರಡು ಉತ್ತರ ಬೇಕು. ಎತ್ತಿಡಬಹುದಾದ, ಒಬ್ಬರಿಂದ ಒಬ್ಬರಿಗೆ ದಾಟಿಸಬಹುದಾದ ವಸ್ತುವಿನ ಅರ್ಥದಲ್ಲಿ ‘ಹದ’ ಹಳೆಯ ಅಥವಾ ಈಗಿನ ಬಳಕೆಯಲ್ಲಿ ಎಲ್ಲಾದರೂ ಕಂಡಿದೆಯೇ? ಚರ್ಮ ಹದ ಮಾಡುವವರು, ಬೆಲ್ಲದ ಆಲೆಮನೆಯವರು, ನೇಕಾರಿಕೆಯಲ್ಲಿ ಬಣ್ಣ ಹಾಕುವವರು ತಮ್ಮ ಅಳತೆಗೆ ಏನೆನ್ನುತ್ತಾರೆ ಎಂದು ತಿಳಿದವರು ಹೇಳಿ. ಎರಡನೆಯದು: ಬಾಗೇಪಲ್ಲಿ, ಮುಳಬಾಗಿಲು, ಪಾವಗಡ ಕಡೆಯ ತಮಟೆಯವರು ಕಾಯಿಸಿದ ಮೇಲಿನ ಆ ಸ್ಥಿತಿಗೆ ಬೇರೆ ಪದ ಬಳಸುತ್ತಾರೆಯೇ? ನಮ್ಮ ಮನೆಗೆ ಬಂದಿದ್ದ ಹಿರಿಯರನ್ನು ಮತ್ತೆ ಕೇಳಿದೆ. “ಹದ ಅನ್ನದೆ ಇನ್ನೇನು ಅನ್ನುವುದು?” ಎಂದು ನನ್ನನ್ನೇ ಕೇಳಿದರು.