ಸಹಾಯ ಬೇಕು: ನೆರೆ ಪರಿಹಾರ ಕೇಂದ್ರಕ್ಕೆ ಸ್ವಯಂಸೇವಕರು

ಈಗ ಸಾಮಾನಿಗಿಂತ ಹೆಚ್ಚು ಬೇಕಿರುವುದು ಜನ. ನಾಲ್ಕು ಗಂಟೆಯ ಪಾಳಿಗೆ ಬರುವವರು ದಯವಿಟ್ಟು ಸಮಯ ತಿಳಿಸಿ.

ಹಳೆ ಬಟ್ಟೆ ಸದ್ಯಕ್ಕೆ ಬೇಡ. ಮೂಟೆ ಬಿಚ್ಚಿ ವಿಂಗಡಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ, ಒಂದು ಒದ್ದೆಯಿದ್ದರೂ ಇಡೀ ಮೂಟೆಗೆ ಬೂಸ್ಟು ಹಿಡಿಯುತ್ತದೆ. ಮುಚ್ಚಳವಿರುವ 20 ಲೀಟರ್ ಕ್ಯಾನ್, ನೀರಿನ ರೋಗಾಣು ಕೊಲ್ಲುವ ಕ್ಲೋರಿನ್ ಮಾತ್ರೆ, ಓಆರ್‌ಎಸ್ (ಭೇದಿಯಾದವರಿಗೆ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು-ಸಕ್ಕರೆ ಪುಡಿ), ಸ್ಯಾನಿಟರಿ ಪ್ಯಾಡ್ ತುರ್ತಾಗಿ ಬೇಕು.

ಕುಡಿಯುವ ನೀರು ಶುದ್ಧ ಮಾಡುವ ಕೆಲಸಕ್ಕೆ ಪಾಳಿಗೆ ಇಬ್ಬರಾದರೂ ಇರಲೇಬೇಕು. ಕಲಕು ನೀರಿಗೆ ನೇರವಾಗಿ ಮಾತ್ರೆ ಹಾಕಿದರೆ ಕೆಸರೇ ಕ್ಲೋರಿನ್ ತಿಂದುಬಿಡುತ್ತದೆ. ಮೊದಲು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಆಮೇಲೆ ಮಾತ್ರೆ ಹಾಕಿ ಕನಿಷ್ಠ 30 ನಿಮಿಷ ಕಾಯಬೇಕು.

1 ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಒಂದೇ ಲೋಟ ನೀರಿಗೆ ಕಲಸಿ ಮಗುವಿಗೆ ಕೊಟ್ಟರೆ ಉಪ್ಪು ಹೆಚ್ಚಾಗಿ ಅಪಾಯ. ಸರಿಯಾಗಿ ಕಲಸುವುದನ್ನು ತಾಯಂದಿರಿಗೆ ತಾಳ್ಮೆಯಿಂದ ತೋರಿಸಿಕೊಡುವವರು ಬಂದರೆ ದೊಡ್ಡ ಉಪಕಾರ. ಬರಲಾಗದವರು ಮನೆಯಿಂದಲೇ ಫೋನ್ ಕರೆ ತೆಗೆದುಕೊಂಡು ಪಟ್ಟಿ ಬರೆದುಕೊಡಬಹುದು.