ವಿಸಿಇ ಸಿಸ್ಟಮ್ಸ್ ಎಂಜಿನಿಯರಿಂಗ್: ಫಿಸಿಕ್ಸ್ ಇಲ್ಲದೆ ತಗೋಬಹುದಾ? ಪ್ರಾಜೆಕ್ಟಿಗೆ ಲಿಫ್ಟ್ ಸಾಕಾ?

ಎಳೆನೀರು: ನಮಸ್ಕಾರ. ಮಗಳು ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಮುಂದಿನ ವರ್ಷ 11ನೇ ಕ್ಲಾಸು, ವಿಸಿಇ (ಅಲ್ಲಿನ 11-12ರ ಸರ್ಟಿಫಿಕೇಟ್) ಶುರು. ಸಿಸ್ಟಮ್ಸ್ ಎಂಜಿನಿಯರಿಂಗ್ ಬೇಕು, ಫಿಸಿಕ್ಸ್ ಬೇಡ ಅಂತಾಳೆ. ನಡೆಯುತ್ತಾ? 12ರ ಪ್ರಾಜೆಕ್ಟಿಗೆ ಆರ್ಡುಯಿನೋ (ಪ್ರೋಗ್ರಾಮ್ ಹಾಕುವ ಪುಟ್ಟ ಕಂಟ್ರೋಲ್ ಬೋರ್ಡ್) ಇಟ್ಟು 2 ಕೆಜಿ ಎತ್ತುವ ಪುಟ್ಟ ಲಿಫ್ಟ್ ಅಂದ್ಕೊಂಡಿದ್ದಾಳೆ. ಅಷ್ಟು ಸಾಕಾ, ರೋಬೋಟ್ ಥರ ದೊಡ್ಡದೇ ಬೇಕಾ?

ಹಲ್ಲುಚಕ್ರ: ನಡೆಯುತ್ತೆ. ಈ ವಿಷಯದಲ್ಲಿ ಅರ್ಧರ್ಧ ವರ್ಷದ ನಾಲ್ಕು ಯೂನಿಟ್. ಯೂನಿಟ್ 1, 2, 3ಕ್ಕೆ ಸೇರಲು ಮುಂಚೆ ಇಂಥದ್ದೇ ಓದಿರಬೇಕು ಅಂತ ಇಲ್ಲ. 4ಕ್ಕೆ ಮಾತ್ರ 3 ಆಗಿರಬೇಕು. ಓಮ್ ನಿಯಮ, ಟಾರ್ಕ್ (ತಿರುಗಿಸುವ ಬಲ), ಗೇರ್ ಅನುಪಾತ, ದಕ್ಷತೆ ಎಲ್ಲ ಕ್ಲಾಸಲ್ಲೇ ಬರುತ್ತೆ. ಮುಂದೆ ಎಂಜಿನಿಯರಿಂಗ್ ಪದವಿಯ ಯೋಚನೆ ಇದ್ದರೆ ಮ್ಯಾಥ್ಸ್ ಮೆಥಡ್ಸ್ (ವಿಸಿಇಯ ಒಂದು ಗಣಿತ ವಿಷಯ) ಮಾತ್ರ ಬಿಡಿಸಬೇಡಿ. ಯೂನಿವರ್ಸಿಟಿಗಳು ಸಾಮಾನ್ಯವಾಗಿ ಕೇಳೋದು ಅದನ್ನು.

ಲಿಫ್ಟ್ ಧಾರಾಳ ಸಾಕು. ಮೋಟಾರು ಕೊಳ್ಳುವ ಮೊದಲು ಲೆಕ್ಕ ಹಾಕಿಸಿ. ಹಗ್ಗ ಸುತ್ತುವ ಡ್ರಮ್ಮಿನ ತ್ರಿಜ್ಯ 20 ಮಿಮೀ ಆದರೆ ಬೇಕಾದ ಟಾರ್ಕ್ 2 × 9.8 × 0.02, ಅಂದರೆ ಸುಮಾರು 0.39 ನ್ಯೂಟನ್ ಮೀಟರ್. ಮೋಟಾರಿನದು 0.05 ಇದ್ದು, 12 ಹಲ್ಲಿನ ಗೇರಿಗೆ 60 ಹಲ್ಲಿನದು ಕೂಡಿಸಿದರೆ ಐದು ಪಟ್ಟು, 0.25. ಘರ್ಷಣೆಗೆ 20% ಕಳೆದರೆ 0.20. ಏಳೋದೇ ಇಲ್ಲ! ಅಂಥದ್ದೇ ಇನ್ನೊಂದು ಜೋಡಿ ಹಾಕಿದರೆ 25 ಪಟ್ಟು. ಎರಡು ಸಲ ಘರ್ಷಣೆ ಕಳೆದರೂ 0.80 ಉಳಿಯುತ್ತೆ. ಮೋಟಾರು ನಿಮಿಷಕ್ಕೆ 3000 ಸುತ್ತಿನದಾದರೆ ಡ್ರಮ್ 120 ಸುತ್ತು, ಸೆಕೆಂಡಿಗೆ ಹತ್ತಿರಹತ್ತಿರ 25 ಸೆಂಮೀ ಏರುತ್ತೆ. ಪುಟ್ಟ ಲಿಫ್ಟಿಗೆ ಅದೇ ಜೋರು.

ಬೆಸುಗೆ: ಮೇಲಿನ ಲೆಕ್ಕ ಸರಿ, ಆದರೆ ಮಕ್ಕಳ ಲಿಫ್ಟು ನಿಲ್ಲೋದು ಹೆಚ್ಚಾಗಿ ಗೇರಿನಿಂದಲ್ಲ, ಕರೆಂಟಿನಿಂದ. ಆರ್ಡುಯಿನೋ ಊನೋ ಆರ್3 ಬೋರ್ಡಿನ ಒಂದು ಪಿನ್ನಿಂದ 20 ಮಿಲಿಆಂಪಿಯರ್‌ಗಿಂತ ಹೆಚ್ಚು ಎಳೆಯಬಾರದು, ಹಾಗಾಗಿ ನಡುವೆ ಮೋಟಾರ್ ಡ್ರೈವರ್ (ಬೋರ್ಡ್ ಹೇಳಿದಂತೆ ಮೋಟಾರಿಗೆ ಹೆಚ್ಚು ಕರೆಂಟ್ ಕೊಡುವ ಸರ್ಕ್ಯೂಟ್) ಬೇಕೇ ಬೇಕು. ಡ್ರೈವರ್ ಆರಿಸುವಾಗ ಓಡುವ ಕರೆಂಟ್ ನೋಡಬೇಡಿ, ಶುರುವಾಗುವ ಕ್ಷಣದ್ದು ನೋಡಿ. ಮೋಟಾರಿನ ಸುರುಳಿಯ ರೋಧ 1.5 ಓಮ್ ಇದ್ದರೆ 12 ವೋಲ್ಟಿಗೆ ಆ ಕ್ಷಣ 8 ಆಂಪಿಯರ್. ಎಲ್ಲರೂ ಕೊಳ್ಳುವ ಎಲ್298 ಡ್ರೈವರ್ ಚಾನೆಲ್ಲಿಗೆ 2 ಆಂಪಿಯರಿನದು, ಸಾಲದಕ್ಕೆ 1 ಆಂಪಿಯರಿಗೇ ಸುಮಾರು 2 ವೋಲ್ಟ್ ನುಂಗುತ್ತೆ. ಕಡಿಮೆ ವೋಲ್ಟ್ ನುಂಗುವ ಮಾಸ್‌ಫೆಟ್ ಟ್ರಾನ್ಸಿಸ್ಟರಿನ ಡ್ರೈವರ್ ತಗೊಳ್ಳಿ, 8 ಆಂಪಿಯರ್ ತಡೆಯುವಂಥದ್ದು.

ಮೋಟಾರು ಶುರುವಾದ ತಕ್ಷಣ ಬೋರ್ಡ್ ರೀಸೆಟ್ ಆದರೆ ಪ್ರೋಗ್ರಾಮ್ ಕೆದಕುತ್ತಾ ಕೂರಬೇಡಿ, ವೋಲ್ಟೇಜ್ ಕುಸಿದಿರುತ್ತೆ. ಬೋರ್ಡಿಗೆ ಬೇರೆ ಸಪ್ಲೈ, ಎರಡರ ಗ್ರೌಂಡ್ ಒಂದೇ ಕಡೆ ಸೇರಿಸಿ, ಡ್ರೈವರಿನ ಸಪ್ಲೈಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಮೋಟಾರಿನ ಎರಡು ತುದಿಗಳ ನಡುವೆ 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್.

ಕರಡುಪ್ರತಿ: ಅಂತಿಮ ಅಂಕದಲ್ಲಿ ಅರ್ಧ ಈ ಪ್ರಾಜೆಕ್ಟಿನದು. ಅದರಲ್ಲೂ ನೋಡೋದು ವಸ್ತು ಎಷ್ಟು ದೊಡ್ಡದು ಅಂತಲ್ಲ, ಬ್ರೀಫಿನಿಂದ (ವಸ್ತು ಏನು ಮಾಡಬೇಕು ಅಂತ ಮೊದಲೇ ಬರೆಯೋದು) ಹಿಡಿದು ವಸ್ತುವಿನ ಪರೀಕ್ಷೆವರೆಗಿನ ದಾಖಲೆ. "ಲಿಫ್ಟ್ ಚೆನ್ನಾಗಿ ಕೆಲಸ ಮಾಡಬೇಕು" ಅಂತ ಬರೆದರೆ ಅಳೆಯೋದು ಹೇಗೆ? "2 ಕೆಜಿಯನ್ನು 40 ಸೆಂಮೀ ಎತ್ತಿ, ಗುರುತಿನಿಂದ 5 ಮಿಮೀ ಒಳಗೆ ನಿಲ್ಲಬೇಕು" ಅಂತ ಬರೆಸಿ. ಆಮೇಲೆ 0.5, 1, 1.5, 2 ಕೆಜಿಗೆ ಕರೆಂಟ್, ಸಮಯ, ನಿಂತ ಜಾಗ ಟೇಬಲ್ ಮಾಡಲಿ. ಬದಲಾಯಿಸಿದ್ದೆಲ್ಲ ತಾರೀಖು, ಕಾರಣ ಸಮೇತ ಅದೇ ದಿನ ಬರೆಯಲಿ. ಕೊನೇ ವಾರ ಕೂತು ಬರೆದ ಲಾಗ್ ಓದಿದವರಿಗೆ ಗೊತ್ತಾಗಿಬಿಡುತ್ತೆ.

ಎಳೆನೀರು: ತುಂಬಾ ಥ್ಯಾಂಕ್ಸ್. ಎತ್ತಿದ ಮೇಲೆ ಕರೆಂಟ್ ಹೋದರೆ ಭಾರ ಕೆಳಗೆ ಬೀಳಲ್ವಾ?

ಹಲ್ಲುಚಕ್ರ: ಸಾದಾ ಗೇರಾದರೆ ಬೀಳುತ್ತೆ. ಆ ಎರಡು ಜೋಡಿಯ ಬದಲು ವರ್ಮ್ ಗೇರ್ (ಸ್ಕ್ರೂ ಥರದ ವರ್ಮ್ ಹಲ್ಲುಚಕ್ರವನ್ನು ತಿರುಗಿಸುವಂಥದ್ದು) ಹಾಕಿ. ಒಂದೇ ಎಳೆಯ ವರ್ಮ್ ಸಾಮಾನ್ಯವಾಗಿ ಹಿಂದಕ್ಕೆ ತಿರುಗಲ್ಲ. ಅದಕ್ಕೆ ತೆರಬೇಕಾದ ಬೆಲೆ ದಕ್ಷತೆ: 40% ಅಂತ ಹಿಡಿಯಿರಿ. 30:1 ಆದರೆ 0.05 × 30 × 0.4 = 0.60, ಇನ್ನೂ ಸಾಕು. ಆದರೂ ಅಲುಗಾಟಕ್ಕೆ ಜಾರಬಹುದು, ಭಾರದ ಕೆಳಗೆ ಕೈ ಇಡಬಾರದು; ರಿಸ್ಕ್ ಅಸೆಸ್‌ಮೆಂಟಿನಲ್ಲಿ ಇದನ್ನೂ ಬರೆಯಲಿ. ಮೇಲಿನ ಲಿಮಿಟ್ ಸ್ವಿಚ್ಚನ್ನು (ಲಿಫ್ಟ್ ತುದಿ ಮುಟ್ಟಿದಾಗ ಒತ್ತಿಕೊಳ್ಳುವಂಥದ್ದು) ನಾರ್ಮಲಿ ಕ್ಲೋಸ್ಡ್ ಆಗಿ, ಅಂದರೆ ಒತ್ತದಿದ್ದಾಗ ಸರ್ಕ್ಯೂಟ್ ಕೂಡಿರುವ ಹಾಗೆ ಜೋಡಿಸಿ. ಆಗ ವೈರ್ ಕಿತ್ತುಬಂದರೂ ಬೋರ್ಡಿಗೆ ಸ್ವಿಚ್ ಒತ್ತಿದ ಹಾಗೇ ಕಾಣುತ್ತೆ, ಮೋಟಾರು ನಿಲ್ಲುತ್ತೆ.