ಪದ ಬೇಕು (ತುರ್ತು): ಬಂಡೆಯಲ್ಲಿ ಕೊರೆದ ಉಪ್ಪಿನ ಗುಂಡಿ

ಗೆಳೆಯರೇ,
ಮಾಲ್ಟಾ ದೇಶದ ಗೋಜೋ ದ್ವೀಪದ ಬಗ್ಗೆ ಒಂದು ಫೋಟೋ ಪ್ರದರ್ಶನ ಇದೆ. ಅದಕ್ಕೆ ಕನ್ನಡ ಫಲಕ ಬರೆಯುತ್ತಿದ್ದೇನೆ, ನಾಳೆ ಸಂಜೆ ಅಚ್ಚಿಗೆ ಕೊಡಬೇಕು. ಅಲ್ಲಿನ ಉತ್ತರ ಕರಾವಳಿಯ ಶ್ವೇನಿಯಲ್ಲಿ ಸುಣ್ಣಕಲ್ಲಿನ ಹಾಸುಬಂಡೆಯಲ್ಲೇ ಚೌಕ ಚೌಕ ಗುಂಡಿ ಕೊರೆದಿದ್ದಾರೆ. ಸಮುದ್ರದ ನೀರು ತುಂಬಿಸುತ್ತಾರೆ. ಬೇಸಿಗೆ ಬಿಸಿಲಿಗೆ ನೀರು ಆರಿದ ಮೇಲೆ ಉಪ್ಪನ್ನು ಗುಡಿಸಿ ರಾಶಿ ಹಾಕುತ್ತಾರೆ. ಇದಕ್ಕೆ ಏನನ್ನೋಣ? 'ಲವಣಕುಂಡ' ಅಂತ ಬರೆದಿದ್ದೆ. ತೀರ್ಥಕುಂಡ ಅಂದುಕೊಂಡಾರು ಅಂತ ಹೊಡೆದುಹಾಕಿದೆ.

---

ಲವಣವೂ ಬೇಡ, ಕುಂಡವೂ ಬೇಡ. 'ಉಪ್ಪಳ' ಅನ್ನಿ. ತಮಿಳಿನಲ್ಲಿ ಇವತ್ತಿಗೂ ಉಪ್ಪಳಂ ಅಂದರೆ ಇದೇ. ಯಾರಾದರೂ 'ಆಗರ' ಅನ್ನುವ ಮೊದಲೇ ಹೇಳಿಬಿಡುತ್ತೇನೆ: ಅದು ಸಂಸ್ಕೃತದ ಆಕರ. ಮನೆಯಲ್ಲೇ ಪದ ಇರುವಾಗ ಸಾಲ ಯಾಕೆ?

---

> ಮನೆಯಲ್ಲೇ ಪದ ಇರುವಾಗ ಸಾಲ ಯಾಕೆ?

ಯಾರ ಮನೆ ಸರ್? 'ಉಪ್ಪಳ' ಅಂದರೆ ಕನ್ನಡದವರಿಗೆ ಕಾಸರಗೋಡಿನ ಊರು, ಅಷ್ಟೇ. ನಾನು ಕುಮಟಾ ಕಡೆಯವಳು. ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುವ ಜಾಗಕ್ಕೆ ನಾವು ಹುಟ್ಟಿದಾಗಿನಿಂದ ಆಗರ ಅಂತಲೇ ಅಂದಿದ್ದೇವೆ. ಮರಾಠಿಯ ಮಿಠಾಗರದಲ್ಲೂ ಅದೇ ಇದೆ. ತದ್ಭವವಾಗಿ ಇಷ್ಟು ಕಾಲ ಬಾಯಲ್ಲಿ ಉಳಿದ ಪದವನ್ನು ಈಗ ಯಾರಿಗೆ ವಾಪಸ್ ಕೊಡಬೇಕು?

ಗೋಜೋದವರನ್ನೇ ನೋಡಿ. ಅವರ ಮಾಲ್ಟೀಸ್ ಭಾಷೆ ಅರಬ್ಬಿಯಿಂದ ಹುಟ್ಟಿದ್ದು. ಉಪ್ಪಿಗೆ ಅವರು ಅನ್ನುವುದು 'ಮೆಲ್ಹ್', ಅರಬ್ಬಿ ಬೇರಿನದು. ಉಪ್ಪಿನ ಆಗರಕ್ಕೆ ಮಾತ್ರ ಇಟಲಿ ಕಡೆಯಿಂದ ಬಂದ 'ಸಲೀನಿ'. ಉಪ್ಪಿನ ಆ ಹಳೆಯ ಬೇರು ಪಕ್ಕದ ದೊಡ್ಡ ದ್ವೀಪದ ಮೆಲ್ಲೀಹ ಅನ್ನುವ ಊರಿನ ಹೆಸರಲ್ಲಿದೆ, ನಿಮ್ಮ ಉಪ್ಪಳದ ಹಾಗೆ. ಅದಕ್ಕಾಗಿ ಅವರೇನೂ ಸಲೀನಿಯನ್ನು ಬಿಟ್ಟಿಲ್ಲ. ಹೊರಗಿನಿಂದ ಹೇರಿದ ಹೆಸರಿನ ಕತೆ ಬೇರೆ. 1887ರಲ್ಲಿ ಬ್ರಿಟಿಷರು ಗೋಜೋದ ಮುಖ್ಯ ಪಟ್ಟಣಕ್ಕೆ ವಿಕ್ಟೋರಿಯಾ ಅಂತ ಹೆಸರಿಟ್ಟರು. ಊರವರು ಈಗಲೂ ರಬಾತ್ ಅನ್ನುತ್ತಾರೆ. ಸಾಲಕ್ಕೂ ಹೇರಿಕೆಗೂ ವ್ಯತ್ಯಾಸ ಇದೆ ಅಲ್ವಾ?

ಒಂದು ತೊಡಕು ಮಾತ್ರ ನಿಜ. ನಮ್ಮ ಆಗರ ಮಣ್ಣಿನದು, ಬದು ಹಾಕಿ ಮಾಡಿದ್ದು. ಅವರದು ಕಲ್ಲು. ಹಾಗಾಗಿ 'ಕಲ್ಲಾಗರ' ಅನ್ನಬಹುದು.

---

ಆಕರ ಅಂದರೆ ಗಣಿ. 'ಕಲ್ಲಾಗರ' ಅಂದರೆ ಕಲ್ಲುಗಣಿ ಆಯಿತು. ಉಪ್ಪು ಎಲ್ಲಿ? ನನ್ನ ಮಾತು ಮುಗಿಯಿತು.

---

ಇಬ್ಬರಿಗೂ ವಂದನೆಗಳು. ಗಣಿ ಅನ್ನುವ ಆಕ್ಷೇಪ ಸರಿ, ಹಾಗಾಗಿ ಕಲ್ಲಾಗರ ಬಿಟ್ಟೆ. ಫಲಕದಲ್ಲಿ 'ಬಂಡೆಯಲ್ಲಿ ಕೊರೆದ ಉಪ್ಪಿನ ಆಗರ, ಶ್ವೇನಿ' ಅಂತ ಹಾಕುತ್ತಿದ್ದೇನೆ. ಒಂದೊಂದು ಗುಂಡಿಗೆ 'ಪಾತಿ' ಅಂದಿದ್ದೇನೆ, ತರಕಾರಿ ಪಾತಿಯ ಹಾಗೇ ಕಾಣುತ್ತವೆ.

ಇನ್ನೊಂದು ಫಲಕ ಬಾಕಿ ಇದೆ. 'ಜ್ಬೇನ' ಅಂತ ಅಲ್ಲಿ ಕುರಿಹಾಲಿನ ಪುಟ್ಟ ದುಂಡು ಚೀಸ್ ಮಾಡುತ್ತಾರೆ. ಅದನ್ನು 'ಗಿಣ್ಣು' ಅಂದರೆ ತಪ್ಪಾ? ಈದ ಹೊಸತರ ಹಾಲಿನದ್ದಲ್ಲ ಅದು.